ಜೆಪ್ಪುವಿನ ಅಟ್ಟ ನನ್ನದಾಯಿತು

ಮಂಗಳೂರಿಗೆ ಬಂದ ಮೊದಲ ವಾರ, ಬಗಲಲ್ಲಿ ಒಣಮೆಣಸಿನಕಾಯಿಯ ಚೀಲ ಹಿಡಿದುಕೊಂಡು ನಾನು ಬಾಡಿಗೆ ಮನೆಯ ಸುತ್ತ ಮೂರು ಸುತ್ತು ಹಾಕಿದೆ. ಮಾಳಿಗೆಗೆ ಹೋಗುವ ಮೆಟ್ಟಿಲು ಎಲ್ಲೂ ಕಾಣಲಿಲ್ಲ. ಕಾವೂರಿನ ಆ ಮನೆಯ ಯಜಮಾನಿ ಅಂಗಳದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಕೇಳಿದ್ದಕ್ಕೆ ಅವರು ತಲೆ ಎತ್ತಿ ಸೂರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಹಂಚಿನ ಮೇಲೆ ಹತ್ಲಿಕ್ಕೆ ಎಂತ ಉಂಟು ಮಾರಾಯ್ತಿ? ಜಾರಿ ಬಿದ್ರೆ ಸೊಂಟ ಮುರೀತದೆ" ಎಂದರು. ಆಗಲೇ ನಾನು ಸರಿಯಾಗಿ ಮೇಲೆ ನೋಡಿದ್ದು. ಮನೆಗೆ ಮಾಳಿಗೆಯೇ ಇರಲಿಲ್ಲ. ಎರಡೂ ಕಡೆ ಇಳಿಜಾರು, ಕೆಂಪು ಹಂಚು, ಅಷ್ಟೇ.

ನನ್ನಂತೆಯೇ ಇಂಡಿ ಕಡೆಯವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಮಟ್ಟಸ ಸೂರಿನ ಮಾಳಿಗೆಯೆಂದರೆ ಅರ್ಧ ಬದುಕು. ಬೇಸಿಗೆಯಲ್ಲಿ ಮಲಗುವುದು ಅಲ್ಲಿ, ಸಂಡಿಗೆ ಒಣಗಿಸುವುದು ಅಲ್ಲಿ, ಪಕ್ಕದ ಮನೆಯವರೊಡನೆ ಜಗಳ ಆಡುವುದೂ ಅಲ್ಲಿಂದಲೇ. ಇಲ್ಲಿಯವರಿಗೆ ಸೂರು ಮಳೆಯನ್ನು ಕೆಳಗಿಳಿಸುವ ಸಾಧನ, ಅದರ ಮೇಲೆ ಮನುಷ್ಯರಿಗೆ ಕೆಲಸವಿಲ್ಲ. ಅದೂ ಕರ್ನಾಟಕವೇ ತಾನೇ ಎಂದು ಹೊರಟು ಬಂದವಳಿಗೆ ಬಸ್ಸಿನಲ್ಲಿ ಕಂಡಕ್ಟರ್ "ಎದುರು ಪೋಲೆ" ಎಂದಾಗ ಏನೂ ತಿಳಿಯಲಿಲ್ಲ. ಮುಂದೆ ಹೋಗಿ ಎಂಬುದಕ್ಕೆ ಅದು ತುಳು ಮಾತು. ನಾನು ಬಾಗಿಲಲ್ಲೇ ನಿಂತು ಎಲ್ಲರಿಂದ ಬೈಸಿಕೊಂಡೆ. ಇಲ್ಲಿಯವರ ಕನ್ನಡವೋ ಪಠ್ಯಪುಸ್ತಕದಿಂದ ಎದ್ದು ಬಂದಂತೆ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವುದು ನನ್ನ ಕೆಲಸ. ನಾನು "ಹಿಂಗ ನಿಂದರ್ರಿ" ಎಂದರೆ ಎದೆನೋವಿನವರೂ ನಗುತ್ತಿದ್ದರು. ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯಲು ಒಂದು ವರ್ಷ ಬೇಕಾಯಿತು. ಈಗ ಅದಿಲ್ಲದೆ ಹೊಟ್ಟೆ ತುಂಬುವುದಿಲ್ಲ, ಆದರೆ ಇದನ್ನು ನಮ್ಮ ಅವ್ವನಿಗೆ ಹೇಳಬೇಡಿ.

ಹನ್ನೊಂದು ವರ್ಷದಲ್ಲಿ ಮೂರು ಮನೆ ಬದಲಿಸಿದೆ. ಕಾವೂರು, ಕಾಟಿಪಳ್ಳ, ಆಮೇಲೆ ಬಜಪೆ. ಎಲ್ಲ ಕಡೆಯೂ ಮೊದಲ ಪ್ರಶ್ನೆ "ಒಬ್ಬರೆಯಾ?" ಹೌದು, ಒಬ್ಬಳೇ. ಮದುವೆಯಾಗಿಲ್ಲ, ಆಗುವ ಅಂದಾಜೂ ಇಲ್ಲ. ಬಜಪೆಯ ಮನೆಯವರು ಮಗನ ಮದುವೆಗೆ ಮನೆ ಬೇಕೆಂದು ಬಲು ಸಭ್ಯವಾಗಿ ಹೇಳಿ, ಮೇಲಿಂದ ಎರಡು ಹಲಸಿನ ಹಣ್ಣು ಕೊಟ್ಟರು. ಹಣ್ಣು ಹೊತ್ತುಕೊಂಡು ಒಳಗೆ ಬಂದವಳೇ ಕೂತು ಅತ್ತೆ. ಇನ್ನೊಬ್ಬರ ಮಗ ಮದುವೆಯಾದಾಗಲೆಲ್ಲ ನಾನು ಗಂಟುಮೂಟೆ ಕಟ್ಟಬೇಕೇ ಎಂದು ರೇಗಿತು. ಇನ್ನು ಬಾಡಿಗೆ ಸಾಕು, ಕೊಂಡರೆ ಮನೆ, ಇಲ್ಲವಾದರೆ ಊರಿಗೆ ವಾಪಸ್ಸು ಎಂದು ಆ ದಿನವೇ ತೀರ್ಮಾನಿಸಿದೆ.

ಬ್ರೋಕರ್ ಸದಾನಂದಣ್ಣ ಮೊಬೈಲಿಗೆ ಕಳಿಸಿದ ಜಾಹೀರಾತಿನಲ್ಲಿ ಹೀಗಿತ್ತು: "ಮಂಗಳೂರಿನ ಜೆಪ್ಪುವಿನಲ್ಲಿ ಹೆರಿಟೇಜ್ ಲಾಫ್ಟ್ ಅಪಾರ್ಟ್‌ಮೆಂಟ್ ಮಾರಾಟಕ್ಕುಂಟು." ಹೋಗಿ ನೋಡಿದರೆ ಅಟ್ಟ! ನಮ್ಮಲ್ಲಿ ಅಟ್ಟವೆಂದರೆ ಮುರಿದ ತೊಟ್ಟಿಲು, ಹಳೆ ಕೌದಿ ಎಸೆಯುವ ಜಾಗ. ಅದನ್ನು ಮನೆಯೆಂದು ಮಾರುವವರ ಧೈರ್ಯಕ್ಕೆ ಮನಸ್ಸಿನಲ್ಲೇ ಕೈಮುಗಿದೆ. ಆದರೆ ಮರದ ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟದ್ದೇ ನನ್ನ ನಗು ನಿಂತಿತು. ಉದ್ದನೆಯ ಒಂದೇ ಕೋಣೆ, ಕೆಳಗೆ ಮರದ ಹಲಗೆ, ನಡುವೆ ದೇವಸ್ಥಾನದಷ್ಟು ಎತ್ತರ. ಬದಿಗಳಲ್ಲಿ ಮಾತ್ರ ತಲೆ ತಗ್ಗಿಸಲೇಬೇಕು. ತಗ್ಗಿಸದೆ ನಾನು ಎರಡು ಸಲ ಹೊಡೆಸಿಕೊಂಡೆ. ಹಂಚುಗಳ ನಡುವೆ ಕೂರಿಸಿದ ಗಾಜಿನ ಹಂಚಿನಿಂದ ಬಿಸಿಲು ನೆಲಕ್ಕೆ ಬಿದ್ದಿತ್ತು. ಕಿಟಕಿಯಾಚೆ ಹಳೆಯ ಹಂಚಿನ ಮನೆಗಳ ಸಾಲು, ಅವುಗಳ ಹಿಂದೆ ಎದ್ದ ಹೊಸ ಕಟ್ಟಡಗಳು. ಇದು ನನಗೆ ಬೇಕು ಎಂದು ಆಗಲೇ ಅನ್ನಿಸಿತು. ಮುಖದಲ್ಲಿ ತೋರಿಸಿಕೊಳ್ಳಬಾರದೆಂದು ಗೊತ್ತಿದ್ದರೂ ತೋರಿಸಿಕೊಂಡೆ.

ಬೇಕೆಂದ ಮಾತ್ರಕ್ಕೆ ಸಿಗುವಂತಿರಲಿಲ್ಲ. ಅಟ್ಟ ಸೆವ್ರಿನ್ ಬಾಯಿಯ ತಮ್ಮನ ಪಾಲು. ಅವನು ಮಸ್ಕತ್ತಿನಲ್ಲಿ ನೆಲೆ ನಿಂತವನು, ಯಾರಿಗೆ ಕೊಡುವುದೆಂದು ಆರಿಸುವ ಕೆಲಸವನ್ನು ಅಕ್ಕನಿಗೇ ಬಿಟ್ಟಿದ್ದ. ಇಲ್ಲಿಯ ಕೊಂಕಣಿ ಕ್ರೈಸ್ತರಲ್ಲಿ ಹಿರಿಯ ಹೆಂಗಸರಿಗೆ ಬಾಯಿ ಎನ್ನುತ್ತಾರೆ. ಸೆವ್ರಿನ್ ಬಾಯಿ ನಿವೃತ್ತ ಗಣಿತದ ಟೀಚರ್, ಕೆಳಗಿನ ಮನೆಯಲ್ಲಿ ಅವರ ವಾಸ. ಅಟ್ಟ ಕೊಂಡವರು ಸೂರಿನ ಯಜಮಾನರು, ಆ ಸೂರು ಸೋರಿದರೆ ನೆನೆಯುವುದು ಕೆಳಗಿನ ಬಾಯಿಯ ಹಾಸಿಗೆ. ಹಾಗಾಗಿ ಅವರು ಬಂದವರನ್ನೆಲ್ಲ ಪರೀಕ್ಷೆಯ ಉತ್ತರಪತ್ರಿಕೆ ನೋಡುವಂತೆ ನೋಡಿ ಮರಳಿ ಕಳಿಸುತ್ತಿದ್ದರು. ನನ್ನನ್ನೂ ಎರಡು ಸಲ ಹಾಗೇ ಕಳಿಸಿದರು. ಘಟ್ಟದ ಮೇಲಿನವರಿಗೆ ನಮ್ಮ ಮಳೆ ಗೊತ್ತಿಲ್ಲ ಎಂಬುದು ಅವರ ವಾದವೆಂದು ಸದಾನಂದಣ್ಣ ಹೇಳಿದರು. ಇನ್ನೊಬ್ಬರು ನನಗಿಂತ ಹೆಚ್ಚು ಬೆಲೆಗೆ ಒಪ್ಪಿದ್ದಾರೆಂಬುದನ್ನೂ ಮೆಲ್ಲನೆ ಸೇರಿಸಿದರು.

ಮೂರನೆಯ ಸಲ ಹೋದದ್ದು ಜೂನ್‌ನ ಒಂದು ಮಧ್ಯಾಹ್ನ, ಮಳೆ ಜಡಿಯುತ್ತಿತ್ತು. ಆ ಇನ್ನೊಬ್ಬರೂ ಅಲ್ಲಿದ್ದರು. ಗಲ್ಫಿನಿಂದ ಮರಳಿದವರು, ಮೃದು ಮಾತಿನವರು. ಅಟ್ಟವನ್ನು ಹೋಮ್‌ಸ್ಟೇ ಮಾಡುವ ಆಸೆ ಅವರದು. ಎಲ್ಲರೂ ನಿಂತಿದ್ದಂತೆಯೇ ಕೋಣೆಯ ಬದಿಯಲ್ಲಿ ಟಪ್ ಟಪ್ ಎಂದು ನೀರು ತೊಟ್ಟಿಕ್ಕತೊಡಗಿತು. ಸದಾನಂದಣ್ಣ ಬಕೆಟ್ ತರಲು ಓಡಿದರು. ಹೋಮ್‌ಸ್ಟೇಯವರು, ಹಂಚು ತೆಗೆದು ಶೀಟ್ ಹಾಕಿಸಿದರೆ ಈ ತಲೆನೋವೇ ಇರುವುದಿಲ್ಲ ಎಂದು ಬಾಯಿಗೆ ಸಮಾಧಾನ ಹೇಳತೊಡಗಿದರು. ಬಾಯಿಯ ಮುಖ ಬಾಡಿತು.

ನಾನು ಬಕೆಟ್ ನೋಡಲಿಲ್ಲ, ಮೇಲೆ ನೋಡಿದೆ. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಮಾಳಿಗೆ ಸೋರದಂತೆ ಸವುಳು ಮಣ್ಣು ಹಾಕಿಸುವ ಮನೆಯಲ್ಲಿ ಬೆಳೆದವಳು ನಾನು. ಆ ಮಣ್ಣನ್ನು ತುಳಿದು ತುಳಿದು ನನ್ನ ಹಿಮ್ಮಡಿ ಒಡೆದಿದೆ. ನೀರು ಹೊಕ್ಕಲ್ಲಿ ಬೀಳುವುದಿಲ್ಲ, ಬಿದ್ದಲ್ಲಿ ಹೊಕ್ಕಿರುವುದಿಲ್ಲ ಎನ್ನುತ್ತಿದ್ದ ನಮ್ಮಪ್ಪ. ನಮ್ಮಲ್ಲಿ ಅದು ಜಂತಿ ಹಿಡಿದು ಹರಿಯುತ್ತದೆ. ಇಲ್ಲಿ ಹಂಚು ಹೊತ್ತ ಇಳಿಜಾರಿನ ತೊಲೆಗೆ ಪಕ್ಕಾಸು ಎನ್ನುತ್ತಾರೆ. ಪಕ್ಕಾಸಿನ ಹೊಟ್ಟೆಯಲ್ಲಿ ಒದ್ದೆಯ ಗೆರೆಯೊಂದು ಕಂಡಿತು. ಅದನ್ನೇ ಹಿಡಿದು ಕಣ್ಣು ಮೇಲೆ ಹೋದರೆ, ಒಂದು ಮಾರು ಮೇಲೆ ಒಂದು ಹಂಚು ನಾಲ್ಕು ಬೆರಳು ಕೆಳಗೆ ಜಾರಿತ್ತು. ಬೆಕ್ಕಿನ ಕೆಲಸವಿರಬೇಕು. ಮೂಲೆಯಲ್ಲಿದ್ದ ಟ್ರಂಕನ್ನು ಎಳೆದು, ಅದರ ಮೇಲೆ ನಿಂತು, ಅಂಗೈಯಿಂದ ಆ ಹಂಚನ್ನು ಮೇಲಕ್ಕೆ ತಳ್ಳಿದೆ. ಮೊದಲು ಅದು ಜಪ್ಪಯ್ಯ ಅನ್ನಲಿಲ್ಲ. ಎರಡನೆಯ ಸಲ ಪಕ್ಕದ ಹಂಚಿನ ಕಚ್ಚಿಗೆ ಕೂತ ಸದ್ದು ಕೇಳಿತು. ತೋಳಿನೊಳಗೆ ಹರಿದ ನೀರು ಸೊಂಟದವರೆಗೂ ಇಳಿದಿತ್ತು.

ತೊಟ್ಟಿಕ್ಕುವುದು ನಿಧಾನವಾಯಿತು, ಮತ್ತೂ ನಿಧಾನವಾಯಿತು, ನಿಂತಿತು. ಹೊರಗೆ ಮಳೆ ಮಾತ್ರ ನಿಂತಿರಲಿಲ್ಲ. ಬಾಯಿ ಪಕ್ಕಾಸನ್ನೇ ನೋಡುತ್ತ ನಿಂತರು, ಆಮೇಲೆ ನನ್ನ ಕಡೆ ತಿರುಗಿದರು.

"ನಿಮ್ಮ ಊರಲ್ಲಿ ಹಂಚು ಉಂಟಾ?"

"ಇಲ್ಲರೀ. ಮಣ್ಣಿನ ಮಾಳಗಿ."

"ಮತ್ತೆ ಇದು ಹೇಗೆ ಗೊತ್ತಾಯ್ತು?"

"ಸೋರೂದು ಎಲ್ಲಾ ಕಡೀಗೂ ಒಂದೇ ಅಲ್ಲರಿ?"

ಬಾಯಿ ನಕ್ಕರು. ಆ ಮನೆಯಲ್ಲಿ ನಾನು ನೋಡಿದ ಅವರ ಮೊದಲ ನಗು ಅದು. ಪ್ರತಿ ಮೇ ತಿಂಗಳಲ್ಲಿ ಹಂಚು ಇಳಿಸಿ, ತೊಳೆದು, ಮತ್ತೆ ಹೊದಿಸಬೇಕು, ಅದೊಂದೇ ಷರತ್ತು ಎಂದರು. ವರ್ಷಕ್ಕೊಮ್ಮೆ ಸೂರಿನ ಸೇವೆ ಮಾಡದವರಿಗೆ ನಮ್ಮ ಕಡೆ ಹೆಣ್ಣು ಕೊಡುವುದಿಲ್ಲ ಎಂದು ನಾನೂ ಸ್ವಲ್ಪ ಉಪ್ಪು ಖಾರ ಹಚ್ಚಿ ಹೇಳಿದೆ. ಅವರು ಸದಾನಂದಣ್ಣನಿಗೆ, "ಇವರಿಗೇ ಕೊಡ್ತೇನೆ. ತಮ್ಮನಿಗೆ ನಾನು ಹೇಳ್ತೇನೆ" ಎಂದರು. ಹೋಮ್‌ಸ್ಟೇಯವರು ದೊಡ್ಡ ಮನಸ್ಸಿನವರು, ನನ್ನ ಕೈ ಒರೆಸಿಕೊಳ್ಳಲು ಕರವಸ್ತ್ರ ಕೊಟ್ಟರು.

ನೋಂದಣಿಯಾದ ದಿನ ಬಾಯಿ ಕೀಲಿಕೈಯನ್ನು ಅಂಗೈಯಲ್ಲಿಟ್ಟು "ದೇವ್ ಬರೆಂ ಕರುಂ" ಎಂದರು, ದೇವರು ಒಳ್ಳೆಯದು ಮಾಡಲಿ ಎಂದು. ನಾನು ಮೆಟ್ಟಿಲು ಹತ್ತಿ, ಬಾಗಿಲು ತೆರೆದು, ಕೋಣೆಯ ಉದ್ದಕ್ಕೂ ಓಡಿದೆ. ಮೂವತ್ತೆಂಟು ವರ್ಷದ ಹೆಂಗಸು, ಬರಿಗಾಲಲ್ಲಿ, ಆ ತುದಿಯಿಂದ ಈ ತುದಿಗೆ. ಹಲಗೆ ದಡದಡ ಎಂದಿತು. ಕೆಳಗಿನಿಂದ ಬಾಯಿ ಕೋಲಿನಿಂದ ಆ ಹಲಗೆಯನ್ನೇ ಎರಡು ಸಲ ಕುಟ್ಟಿದರು. ಬಯ್ಗುಳವೋ ಆಶೀರ್ವಾದವೋ ನನಗೆ ತಿಳಿಯಲಿಲ್ಲ. ನನ್ನನ್ನು ಇನ್ನು ಯಾರ ಮಗನ ಮದುವೆಯೂ ಎಬ್ಬಿಸಲಾರದು ಎಂಬುದು ಮಾತ್ರ ತಿಳಿದಿತ್ತು. ಈಗ ಬೀದಿಯಲ್ಲಿ ಯಾರ ಮನೆ ಸೋರಿದರೂ ಮೊದಲು ನನ್ನನ್ನು ಕರೆಯುತ್ತಾರೆ. ಜಂಬ ಪಡಬಾರದು ಅನ್ನುತ್ತಾರೆ, ನಾನು ಪಡುತ್ತೇನೆ.

ಆಗಸ್ಟಿನಲ್ಲಿ ಅಣ್ಣ ಅವ್ವನನ್ನು ಕರೆತಂದು ಬಿಟ್ಟುಹೋದ. ಅವ್ವ ಹತ್ತು ದಿನ ಇದ್ದಳು. ಹಲಗೆಯ ಮೇಲೆ ನಡೆಯಲು ಎರಡು ದಿನ ಹೆದರಿದಳು. ಮೂರನೆಯ ದಿನದಿಂದ ಕೆಳಗೆ ಸೆವ್ರಿನ್ ಬಾಯಿಯ ಅಡುಗೆಮನೆಯೇ ಅವಳ ಠಾಣೆಯಾಯಿತು. ಇಬ್ಬರದೂ ಕನ್ನಡವೇ, ಒಬ್ಬರದು ಇನ್ನೊಬ್ಬರಿಗೆ ಅರ್ಧ ತಿಳಿಯುತ್ತಿರಲಿಲ್ಲ, ಆದರೂ ಹೊತ್ತು ಹೋದದ್ದು ಗೊತ್ತಾಗುತ್ತಿರಲಿಲ್ಲ. ಹೊರಡುವ ದಿನ ಅವ್ವ ಪಕ್ಕಾಸಿಗೆ ಅರಿಶಿನ ಕುಂಕುಮ ಹಚ್ಚಿ, ಚಲೋ ಕಟ್ಯಾರ ಎಂದಳು.

ವಾಪಸ್ಸು ಕರೆದೊಯ್ಯಲು ಬಂದ ಅಣ್ಣ ಬಸ್ಸಿನಲ್ಲಿ ಬ್ಯಾಗು ಇಡುತ್ತಿದ್ದ. ಹನ್ನೊಂದು ವರ್ಷವೂ ಅವ್ವ ನನ್ನನ್ನು ಬೀಳ್ಕೊಡುವಾಗ, ಖಾಯಂ ಯಾವಾಗ ಬರ್ತಿ ಎಂದು ಕೇಳುತ್ತಿದ್ದಳು. ಇನ್ನೆರಡು ವರ್ಷ ಎಂದು ನಾನೂ ಪ್ರತಿ ಸಲ ಹೇಳುತ್ತಿದ್ದೆ. ಬಾಡಿಗೆ ಮನೆಯವಳ ಬಾಯಲ್ಲಿ ಆ ಮಾತು ಸುಳ್ಳಾಗಿ ಕೇಳಿಸುತ್ತಿರಲಿಲ್ಲ. ಈ ಸಲ ಅವಳು ಅದನ್ನು ಕೇಳಲಿಲ್ಲ.

"ಇನ್ನ ಮ್ಯಾಲೆ ನಾವ ಬರಬೇಕಲ್ಲವ್ವಾ" ಎಂದಳು.

"ಬಾರವ್ವಾ. ದೀಪಾವಳಿಗೆ ಬಾ, ಹತ್ತು ದಿನ ಇದ್ದು ಹೋಗು" ಎಂದೆ. ಬಸ್ಸು ಹೊರಟ ಮೇಲೆ ಹೊಳೆಯಿತು, ಹೆತ್ತ ತಾಯಿಯನ್ನು ನಾನು ನೆಂಟರನ್ನು ಕರೆದಂತೆ ಕರೆದಿದ್ದೆ.