ನಕ್ಷೆಯ ಅಂಚಿನ ಗ್ಯಾಲಕ್ಸಿಗಳು

ನನ್ನ ತಂಗಿಯ ಮಗಳು ಸಂಶೋಧನೆಯ ಕೊನೆಯ ವರ್ಷವನ್ನು ನನ್ನ ಮನೆಯಲ್ಲಿ ಕಳೆದಳು. ಕಮರಿಪೇಟೆಯ ಅವರ ಮನೆಯಲ್ಲಿ ಮೂರು ಸಂಸಾರ, ಒಂದು ಅಡುಗೆಮನೆ, ಎಂದೂ ಆರಿಸದ ಟಿ.ವಿ. ನನ್ನದು ಸತ್ತೂರಿನ ಕಡೆ ಸಣ್ಣ ಮನೆ, ಇರುವವಳು ನಾನೊಬ್ಬಳೇ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ಮೇಲೂ ಗಂಟೆ ಬಾರಿಸಿದಂತೆ ಏಳುವುದು, ಉಣ್ಣುವುದು ನನಗೆ ಬಿಟ್ಟುಹೋಗಿಲ್ಲ. ಬಂದ ದಿನವೇ ಅವಳಿಗೆ ಮನೆಯ ಕಾನೂನು ಹೇಳಿದೆ: ಸ್ನಾನವಾಗದೆ ಕೆಲಸಕ್ಕೆ ಕೂಡಬಾರದು, ಊಟದ ಹೊತ್ತಿಗೆ ಲ್ಯಾಪ್‌ಟಾಪ್ ಮುಚ್ಚಬೇಕು. ಎರಡಕ್ಕೂ ಹೂಂ ಅಂದಳು. ಎರಡನೆಯದನ್ನು ಒಂದು ದಿನವೂ ಪಾಲಿಸಲಿಲ್ಲ.

ಅವಳ ವಿಷಯ ಗ್ಯಾಲಕ್ಸಿಗಳ ನೆರೆಹೊರೆ. ನಮ್ಮ ಆಕಾಶಗಂಗೆಯಂಥ ನಕ್ಷತ್ರಗಳ ಮಹಾಸಮೂಹಗಳು ಎಲ್ಲ ಕಡೆ ಒಂದೇ ರೀತಿ ಹರಡಿಲ್ಲ. ಕೆಲವು ಗುಂಪಿನಲ್ಲಿವೆ, ಕೆಲವು ಒಂಟಿ. ಗುಂಪಿಗೆ ಬಿದ್ದದ್ದು ಮೆಲ್ಲಗೆ ತನ್ನ ಅನಿಲ ಕಳೆದುಕೊಳ್ಳುತ್ತದೆ. ಅನಿಲವಿಲ್ಲದೆ ಹೊಸ ನಕ್ಷತ್ರ ಹುಟ್ಟುವುದಿಲ್ಲ. ಹಳೆಯವಷ್ಟೇ ಉಳಿದು ಗ್ಯಾಲಕ್ಸಿ ಕೆಂಪಾಗುತ್ತದೆ. ಒಂಟಿಯಾದದ್ದು ಸಾಮಾನ್ಯವಾಗಿ ಹೆಚ್ಚು ಕಾಲ ನೀಲಿಯಾಗಿಯೇ ಇರುತ್ತದೆ. ದೂರ ನೋಡಿದಷ್ಟೂ ಹಿಂದಿನ ಕಾಲ ಕಾಣುವುದರಿಂದ, ನೆರೆಹೊರೆಯ ಪ್ರಭಾವ ಯಾವ ಕಾಲದಲ್ಲಿ ಎಷ್ಟಿತ್ತು ಎಂದು ಲೆಕ್ಕ ಹಾಕಬಹುದು. ಇಷ್ಟನ್ನು ಅವಳು ನನಗೆ ಜೋಳದ ಭಕ್ಕರಿ ಬಡಿಯುತ್ತ ತಿಳಿಸಿಕೊಟ್ಟಳು. ನಾನು ತಿಳಿದುಕೊಂಡೆ ಎಂದೇ ಭಾವಿಸಿದ್ದೇನೆ.

ಅವಳಿಗೆ ಸಿಕ್ಕಿದ್ದು ಇದಕ್ಕೆ ವಿರುದ್ಧವಾಗಿತ್ತು. ಬಹಳ ಹಿಂದಿನ ಕಾಲದಲ್ಲಿ ಒಂಟಿಯಾಗಿದ್ದೂ ಕೆಂಪಾದ ಗ್ಯಾಲಕ್ಸಿಗಳು, ಅದೂ ಯಾರೂ ನಿರೀಕ್ಷಿಸದಷ್ಟು. ದೂರಲು ನೆರೆಯವರೇ ಇಲ್ಲ, ಆದರೂ ನಂದಿಹೋಗಿವೆ. ಅವಳ ಮಾರ್ಗದರ್ಶಕರು ಹಿಗ್ಗಿಹೋದರು. ಹೊರಗಿನ ಒಬ್ಬ ಹಿರಿಯ ಪ್ರಾಧ್ಯಾಪಕರಿಗೆ ಹೇಳಿ, ಪ್ರಬಂಧ ಸಲ್ಲಿಸುವ ಮೊದಲಿನ ಸೆಮಿನಾರಿಗೆ ಅವರನ್ನು ಕರೆಸಿದರು. ಸೋಮವಾರ ಸೆಮಿನಾರು. ಸಮಿತಿ ಒಪ್ಪಿದರೆ ಪ್ರಬಂಧ ಒಳಗೆ, ಇಲ್ಲವಾದರೆ ಇನ್ನೊಂದು ವರ್ಷ. ಕಮರಿಪೇಟೆಯಲ್ಲಿ ನನ್ನ ತಂಗಿ ಆಗಲೇ ಓಣಿಗೆಲ್ಲ ಮಗಳು ಡಾಕ್ಟರಾದಳೆಂದು ಹೇಳಿ ಮುಗಿಸಿದ್ದಳು.

ರವಿವಾರ ಬೆಳಿಗ್ಗೆ ನನ್ನೆದುರು ತಾಲೀಮು ಇಟ್ಟುಕೊಂಡೆವು. ನಾನು ಗಡಿಯಾರ ಹಿಡಿದು ಕುಳಿತೆ. ಮಾತು ಚೆನ್ನಾಗಿ ಸಾಗಿತು. ಹಿಂದಿನ ಕಾಲಕ್ಕೆ ಹೋದಂತೆ ಒಂಟಿ ಕೆಂಪು ಗ್ಯಾಲಕ್ಸಿಗಳ ಸಂಖ್ಯೆಯ ಗೆರೆ ಮೇಲೇರುವ ಚಿತ್ರ ಬಂದಾಗ ನಾನು ಕೈ ಎತ್ತಿದೆ. ಇವು ಆಕಾಶದಲ್ಲಿ ಎಲ್ಲೆಲ್ಲಿವೆ, ಅದರ ಆಕೃತಿ ಎಲ್ಲಿ ಎಂದು ಕೇಳಿದೆ. ಅದು ಈ ಪ್ರಶ್ನೆಗೆ ಬೇಕಾಗಿಲ್ಲ ಅಂದಳು. ಮತ್ತೆ ಕೇಳಿದೆ.

"ಇದು ನಿನ್ನ ಎಂಟನೇ ಕ್ಲಾಸಿನ ಪ್ರಮೇಯ ಅಲ್ಲ ಮೌಶಿ."

"ಆಕೃತಿ ಇಲ್ಲದ ಉತ್ತರಕ್ಕ ನಾ ಎಂದೂ ಅಂಕ ಕೊಟ್ಟಾಕಿ ಅಲ್ಲ."

"ಅದಕ್ಕ ನಿನ್ನ ಹುಡುಗರು ಇನ್ನೂ ಕನಸಿನ್ಯಾಗ ಅಂಜತಾರ."

"ಅಂಜಲಿ. ಆಕೃತಿ ತಗಿ."

ನನ್ನ ಬಾಯಿ ಮುಚ್ಚಿಸಲಿಕ್ಕೆಂದೇ ತೆಗೆದಳು. ದೂರದ ಆಕಾಶದ ಚಿತ್ರ ಬಹಳ ಸಣ್ಣ ತುಂಡಿನದು, ಹಾಸಿದ ಕರವಸ್ತ್ರದಂತೆ ಚೌಕ. ಅದರ ಮೇಲೆ ಕೆಂಪು ಚುಕ್ಕೆಗಳು ಮೂಡಿದವು. ನಡುವೆ ಎಲ್ಲೋ ಒಂದೊಂದು. ಉಳಿದವೆಲ್ಲ ಚೌಕದ ಅಂಚಿಗೆ ಸೀರೆಯ ದಡಿಯ ಹಾಗೆ ಸಾಲಾಗಿ ನಿಂತಿದ್ದವು.

ಅವಳು ಪರದೆಯ ಹತ್ತಿರಕ್ಕೆ ಬಾಗಿದಳು. ಕೈ ಕೀಲಿಮಣೆಯ ಮೇಲೆ ಹಾಗೆಯೇ ಇತ್ತು. ಏನಾಯಿತೆಂದು ಕೇಳಿದಾಗ ವಿವರಿಸಿದಳು. ಪ್ರತಿ ಗ್ಯಾಲಕ್ಸಿಯ ಸುತ್ತ ಒಂದು ವರ್ತುಲ ಎಳೆದು ಒಳಗಿನ ನೆರೆಯವರನ್ನು ಎಣಿಸುವುದು ಪದ್ಧತಿ. ಅಂಚಿನಲ್ಲಿದ್ದದ್ದರ ಅರ್ಧ ವರ್ತುಲ ಚಿತ್ರದ ಹೊರಗೆ ಬೀಳುತ್ತದೆ. ಅಲ್ಲಿ ಫೋಟೋವೇ ಇಲ್ಲ, ಎಣಿಕೆಯೂ ಇಲ್ಲ. ದೊಡ್ಡ ಗುಂಪಿನ ನಡುವೆ ಇದ್ದದ್ದೂ ಒಂಟಿ ಎನಿಸಿಕೊಳ್ಳುತ್ತದೆ. ಹತ್ತಿರದ ಗ್ಯಾಲಕ್ಸಿಗಳ ಲೆಕ್ಕದಲ್ಲಿ ಅಂಚನ್ನು ಬಿಟ್ಟಿದ್ದಳು. ದೂರದವುಗಳಿಗೆ ಪ್ರೋಗ್ರಾಂ ಹೊಸದಾಗಿ ಬರೆದಾಗ ಅಂಚು ಬಿಡುವ ಆ ಸಾಲನ್ನು ಸೇರಿಸಲು ಮರೆತಿದ್ದಳು.

ಅಂಚು ಬಿಟ್ಟು ಮತ್ತೆ ಲೆಕ್ಕ ಹಚ್ಚಿದಳು. ಅದು ಮುಗಿಯುವ ತನಕ ನಾವಿಬ್ಬರೂ ಕುಳಿತಲ್ಲಿಂದ ಏಳಲಿಲ್ಲ. ಊಟದ ಹೊತ್ತು ಮೀರಿತು, ನಾನು ನೆನಪಿಸಲಿಲ್ಲ. ಕೊನೆಗೆ ಚಿತ್ರ ಬಂತು. ಏರಿ ನಿಂತಿದ್ದ ಗೆರೆ ಮಲಗಿತ್ತು.

ಮಾರ್ಗದರ್ಶಕರು ಫೋನ್ ಎತ್ತಲಿಲ್ಲ. ಅತಿಥಿಯನ್ನು ಕರೆತರಲು ಹೋಗಿದ್ದರೆಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ನನ್ನ ತಂಗಿಯ ಫೋನ್ ಬಂತು. ಮಗಳ ದನಿಯಿಂದಲೇ ಅವಳಿಗೆ ತಿಳಿಯಿತು. ಸಂಗತಿ ಕೇಳಿ ಹೇಳಿದಳು: "ನಾಳೆ ಒಂದು ದಿನ ಸುಮ್ಮನ ಮುಗಿಸಿಬಿಡು. ಆಮ್ಯಾಲೆ ತಿದ್ದಕೋ. ಅಂಚು ನೋಡಾವ್ರು ಅಲ್ಲಿ ಯಾರದಾರ?"

ಹುಡುಗಿ ನನ್ನ ಮುಖ ನೋಡಿದಳು. ಉತ್ತರ ಹೇಳಿಕೊಡುವುದೇ ನನ್ನ ಉದ್ಯೋಗವಾಗಿತ್ತು. ಆದರೂ ಹೇಳಲಿಲ್ಲ. ಪ್ರಬಂಧ ಅವಳ ಹೆಸರಿನದು, ಹೋಗುವ ವರ್ಷವೂ ಅವಳದೇ. ಅವಳು ತಾಯಿಗೆ ವಿಚಾರ ಮಾಡುತ್ತೇನೆಂದು ಹೇಳಿ ಫೋನ್ ಇಟ್ಟಳು. ಯಾವ ಚಿತ್ರ ತೋರಿಸುತ್ತಾಳೆಂಬುದು ಮಲಗುವಾಗಲೂ ನನಗೆ ಗೊತ್ತಿರಲಿಲ್ಲ.

ಸೋಮವಾರ ಜೊತೆಗೆ ಹೋದೆ. ವಿಭಾಗದ ಪಡಸಾಲೆಯಲ್ಲಿ ಮಾರ್ಗದರ್ಶಕರು ಸಿಕ್ಕರು. ಅವಳು ಪಕ್ಕಕ್ಕೆ ಕರೆದು ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

"ಅತಿಥಿಗಳು ಒಳಗ ಬಂದು ಕೂತಾರ. ಈಗೇನು ಹೇಳ್ತಿ?"

"ಇದನ್ನ ಹೇಳ್ತೇನ್ರಿ ಸರ್."

ನಾನು ಕೊನೆಯ ಸಾಲಿನಲ್ಲಿ ಕುಳಿತೆ. ಅವಳು ಮೊದಲು ಏರಿದ ಗೆರೆ ತೋರಿಸಿದಳು. ಅತಿಥಿ ಮುಂದಕ್ಕೆ ಬಾಗಿದರು. ಬಳಿಕ ದಡಿಯಂಥ ಚುಕ್ಕೆಗಳ ಚೌಕ ತೋರಿಸಿ, ಇದು ತನ್ನ ತಪ್ಪು ಎಂದಳು. ಅಂಚು ಬಿಟ್ಟರೆ ಏನು ಉಳಿಯುತ್ತದೆಂದು ಅತಿಥಿ ಕೇಳಿದರು. ಬೆರಳೆಣಿಕೆಯಷ್ಟು, ಅವು ನಿಜಕ್ಕೂ ಒಂಟಿಯೋ ಅಲ್ಲವೋ ಈ ಸಣ್ಣ ತುಂಡಿನಿಂದ ಹೇಳಲಾಗದು ಎಂದಳು.

ಸಮಿತಿಯವರು ನಮಗೆ ಹೊರಗೆ ಕಾಯಲು ಹೇಳಿದರು. ಬಾಗಿಲು ತೆರೆದಾಗ ಬಂದವರು ಮಾರ್ಗದರ್ಶಕರೇ. ಆಕಾಶದ ಇನ್ನೂ ದೊಡ್ಡ ತುಂಡಿನ ಚಿತ್ರ ತೆಗೆದುಕೊಂಡು ಆ ಅಧ್ಯಾಯ ಮೊದಲಿನಿಂದ ಮಾಡಬೇಕು, ಸೆಮಿನಾರು ಮತ್ತೆ ಕೊಡಬೇಕು ಎಂದು ಸಮಿತಿಯ ತೀರ್ಮಾನ ತಿಳಿಸಿದರು. ತಿರುಗಿ ಒಳಗೆ ಹೋಗಲಿದ್ದವರು ನಿಂತು, "ನಾನರ ನೋಡಬೇಕಾಗಿತ್ತವಾ" ಅಂದರು.

ಆಟೋ ಹತ್ತುವ ಮೊದಲು ಅವಳು ರಸ್ತೆಯ ಬದಿಗೆ ನಿಂತು ತಾಯಿಗೆ ಫೋನ್ ಹಚ್ಚಿದಳು. ನಾನು ಹೇಳುತ್ತೇನೆ, ಕೊಡು ಎಂದರೆ ಕೊಡಲಿಲ್ಲ. ಇನ್ನೊಂದು ವರ್ಷ ಆಗತೈತಿ ಎಂದಷ್ಟೇ ಹೇಳಿದಳು. ಆ ಕಡೆ ಕಮರಿಪೇಟೆಯ ಟಿ.ವಿ. ಕೇಳಿಸುತ್ತಿತ್ತು. ನನ್ನ ತಂಗಿ ಕೇಳಿದಳು: "ಏನರ ತಿಂದಿಯೇನ?"

ಇಲ್ಲ ಎಂದು ಹೇಳುವಷ್ಟರಲ್ಲಿ ಹುಡುಗಿಗೆ ಅಳು ಬಂತು.