ಜರ್ಮನಿಗೆ ಹೋದ ಹೊಟ್ಟೆ

ಚನ್ನಪಟ್ಟಣದ ಫಿರೋಜಾ ಮದುವೆಯಾಗಿ ಬಂದಂದಿನಿಂದ, ಗಂಡ ಮುಜಾಮಿಲ್ ಕಡೆದ ಮರದ ಕುದುರೆಗಳಿಗೆ ಕಣ್ಣು ಬರೆದೂ ಬರೆದೂ ಬೇಸತ್ತಿದ್ದಳು. ಕುದುರೆಗಳೂ ಅವಳನ್ನು ಹಾಗೆಯೇ ದುರುಗುಟ್ಟಿ ನೋಡುತ್ತಿದ್ದವು. ಎರಡು ಸಾವಿರದ ಇಸವಿ ದಾಟುತ್ತಿದ್ದಂತೆ ಚೀನಾದ ಪ್ಲಾಸ್ಟಿಕ್ ಕೋತಿಗಳು ಬಂದಿಳಿದವು. ಸೆಲ್ ಹಾಕಿದರೆ ಡೋಲು ಬಡಿಯುವ ಕೋತಿಯ ಮುಂದೆ, ಒದ್ದರೂ ಕದಲದ ಕುದುರೆಯನ್ನು ಯಾರು ಕೇಳಬೇಕು?

ಆಗ ರಫ್ತು ಕಂಪನಿಯೊಂದು ಭಾನುಪ್ರಿಯ ಎಂಬ ಡಿಸೈನರ್ ಹುಡುಗಿಯನ್ನು ಕಳಿಸಿತು. ಅಜ್ಜ ಮಾಡಿದ್ದನ್ನೇ ಮಾಡಬೇಡಿ, ದಿನಾ ಕಣ್ಣಿಗೆ ಬೀಳುವುದನ್ನು ಮಾಡಿ ಎಂದಳು ಅವಳು. ಅಜ್ಜನ ಹೆಸರೆತ್ತಿದ್ದಕ್ಕೆ ಮುಜಾಮಿಲ್ ಮುನಿಸಿಕೊಂಡು, ಊಟ ಮುಗಿಸಿ, ಹೊಟ್ಟೆ ಮೇಲೆ ಮಾಡಿ ಮಲಗಿಬಿಟ್ಟ.

ಫಿರೋಜಾಳ ಕಣ್ಣಿಗೆ ದಿನಾ ಬೀಳುತ್ತಿದ್ದುದು ಆ ಹೊಟ್ಟೆಯೇ. ಅವನು ಏಳಲು ಹೋದರೆ ಅದು ಪಕ್ಕಕ್ಕೆ ವಾಲಿ, ಮತ್ತೆ ನೆಟ್ಟಗಾಗುತ್ತಿತ್ತು. ಅವಳು ಹೋಗಿ, ಗಂಡ ಮರ ಕಡೆಯುತ್ತಿದ್ದ ಲೇತ್ ಮುಂದೆ ತಾನೇ ಕುಳಿತಳು. ಗುಂಡನೆಯ ಹೊಟ್ಟೆ, ಮೇಲೊಂದು ಸಣ್ಣ ತಲೆ, ತಳದೊಳಗೆ ಕಬ್ಬಿಣದ ಗುಂಡು. ಮೊದಲನೆಯದು ಬಿದ್ದದ್ದು ಏಳಲೇ ಇಲ್ಲ. ಸ್ವಭಾವದಲ್ಲಿ ಅದೇ ಗಂಡನಿಗೆ ಹತ್ತಿರವಿತ್ತು. ಕಡೆಗೊಂದು, ತಳ್ಳಿದಷ್ಟೂ ಎದ್ದು ಕುಳಿತಿತು.

ಮಗು ನುಂಗದಂತೆ ಭಾನುಪ್ರಿಯ ತಲೆಯನ್ನು ದೊಡ್ಡದು ಮಾಡಿಸಿದಳು. ಗಡ್ಡ, ಅಂಗಿಯ ಗುಂಡಿ ಎಲ್ಲ ತೆಗೆಸಿ ಬರೀ ಅರಿಶಿನದ ಬಣ್ಣ ಉಳಿಸಿದಳು. ಎಲ್ಲಕ್ಕೂ ಒಪ್ಪಿದ ಫಿರೋಜಾ ಒಂದಕ್ಕೆ ಮಾತ್ರ ಪಟ್ಟು ಹಿಡಿದಳು.

“ಹೊಕ್ಕುಳು ಇಲ್ದಿದ್ರೆ ಅದು ಕುಂಬಳಕಾಯಿ ಆಗೋಯ್ತದೆ ಕಣವ್ವ.”

ಹೊಕ್ಕುಳು ಉಳಿಯಿತು. ಜರ್ಮನಿಯಿಂದ ದೊಡ್ಡ ಆರ್ಡರೂ ಬಂತು.

ಗೊಂಬೆ ಯಾರೋ ಸೇಠು ಇರಬೇಕೆಂದುಕೊಂಡಿದ್ದ ಮುಜಾಮಿಲನಿಗೆ ನಿಜ ತಿಳಿದದ್ದು ಟೀ ಅಂಗಡಿಯ ಕೆಂಚಯ್ಯನಿಂದ. “ನಿನ್ ಹೊಟ್ಟೆ ಹಡಗು ಹತ್ತೈತಂತಲ್ಲ ಕಣ್ಲಾ,” ಎಂದ ಅವನು. ಮುಜಾಮಿಲ್ ಮನೆಗೆ ಬಂದು ಹಾರಾಡಿದ. ಆದರೆ ಆರ್ಡರ್ ಮುಗಿಸಲು ಫಿರೋಜಾಳೊಬ್ಬಳ ಕೈ ಸಾಲದು, ಅವನೂ ಕೂರಬೇಕಾಯಿತು. ಕೂತವನು ಸದ್ದಿಲ್ಲದೆ ಒಂದು ಪೆಟ್ಟಿಗೆ ತುಂಬ ಸಪೂರ ಹೊಟ್ಟೆಯ ಗೊಂಬೆಗಳನ್ನು ಕಡೆದ. ಕಂಪನಿಯಲ್ಲಿ ತಳ್ಳಿ ನೋಡಿದರೆ ಒಂದೂ ಏಳಲಿಲ್ಲ. ಪೆಟ್ಟಿಗೆ ವಾಪಸು ಬಂತು.

ಫಿರೋಜಾ ಬೈಯಲಿಲ್ಲ. ಅವನ್ನು ಸಾಲಾಗಿ ನಿಲ್ಲಿಸಿ, ಅವನೆದುರೇ ಒಂದೊಂದಾಗಿ ಬೀಳಿಸಿದಳು.

“ನೋಡ್ರಿ, ನಿಮ್ ಹೊಟ್ಟೆ ಇದ್ರೇನೆ ಎದ್ದು ನಿಲ್ಲೋದು.”

ಇಷ್ಟು ವರ್ಷದ ಸಂಸಾರದಲ್ಲಿ ಅವಳ ಬಾಯಿಂದ ಬಂದ ಮೊದಲ ಹೊಗಳಿಕೆ ಅದು. ಮುಜಾಮಿಲ್ ನಗು ತಡೆಯಲಾರದೆ ಹೋದ. ಮಾರನೆಯ ದಿನದಿಂದ ಸರಿಯಾದ ಅಳತೆಗೇ ಕಡೆದ. ಬರಬರುತ್ತಾ, ಸ್ಯಾಂಪಲ್ ನೋಡಲು ಬಂದವರೆದುರು ಅಂಗಿ ಎತ್ತಿ, “ಒರಿಜಿನಲ್ ಇಲ್ಲೈತೆ” ಅನ್ನುವಷ್ಟು ಧೈರ್ಯವೂ ಬಂತು. ಫಿರೋಜಾ ಅಷ್ಟು ಹೊತ್ತಿಗೆ ಇನ್ನೊಂದು ಲೇತ್ ಹಾಕಿಸಿ, ಬೀದಿಯ ಹೆಂಗಸರಿಗೆ ಕಡೆಯುವುದನ್ನು ಕಲಿಸುತ್ತಿದ್ದಳು.