ಸರ್ಕ್ಯೂಟಿಗೂ ಒಂದು ಮಡಿ

ಪುಷ್ಯಮಾಸದಲ್ಲಿ ಘಟ್ಟದ ಕಡೆಯಿಂದ ಒಣಗಾಳಿ ಇಳಿಯತೊಡಗಿದರೆ, ವರ್ಷದ ಮುಕ್ಕಾಲು ಪಾಲು ಬೆವರಿನಲ್ಲೇ ಅಭಿಷಿಕ್ತರಾಗಿರುವ ನಮ್ಮ ಕುಮಟೆಯವರಿಗೂ ಒಂದು ಅಪೂರ್ವ ತೇಜಸ್ಸು ಪ್ರಾಪ್ತವಾಗುತ್ತದೆ. ಸ್ವೆಟರ್ ಕಳಚಿ ಕಬ್ಬಿಣದ ಕಪಾಟು ಮುಟ್ಟಿದರೆ ಬೆರಳ ತುದಿಯಲ್ಲಿ ಚಟ್ಟನೆ ಕಿಡಿ. ಪುರೋಹಿತರ ಮನೆತನದ ನಿವೃತ್ತ ಸಂಸ್ಕೃತ ಮಾಸ್ತರನಾದ ನಾನು ಇದನ್ನು ತಪಃಫಲವೆಂದೇ ನಂಬಿದ್ದೆ. ಪಾಲಿಯೆಸ್ಟರಿನ ಫಲವೆಂದು ಹೆಂಡತಿ ತಿದ್ದಿದಳು.

ಆ ತೇಜಸ್ಸಿನ ಮೊದಲ ಬಲಿ ನನ್ನ ಲ್ಯಾಪ್‌ಟಾಪು. ನನ್ನ ಸ್ಮರಣಶಕ್ತಿ ಕುಂದುತ್ತಿರುವಾಗ ಅದರದ್ದಾದರೂ ಹೆಚ್ಚಲಿ ಎಂಬ ಸದುದ್ದೇಶದಿಂದ, ಯಾವುದೋ ವಿಡಿಯೋ ನೋಡಿ, ಸ್ವೆಟರ್ ಧರಿಸಿ ನೈಲಾನ್ ಚಾಪೆಯ ಮೇಲೆ ಪದ್ಮಾಸನ ಹಾಕಿ, ಅದರ ಹೊಟ್ಟೆ ಬಗೆದು ಅಂಗಾಂಗಗಳನ್ನೆಲ್ಲ ಮುಟ್ಟಿ ಪರಾಂಬರಿಸಿದೆ. ಹೊಗೆಯಿಲ್ಲ, ಗಾಯವಿಲ್ಲ, ಮತ್ತೆ ಏಳಲೂ ಇಲ್ಲ.

ಹೊನ್ನಾವರದ ಪೇಟೆಯಲ್ಲಿ ರಿಪೇರಿ ಅಂಗಡಿ ಇಟ್ಟಿರುವ ನಾಗವೇಣಿ ನನ್ನ ಹಳೆಯ ವಿದ್ಯಾರ್ಥಿನಿ. ಅವಳಜ್ಜಿ ಮಾದೇವಿ ಅಘನಾಶಿನಿಯಿಂದ ಚಿಪ್ಪಿನ ಸುಣ್ಣ ಹೊತ್ತು ನಮ್ಮ ಮನೆಗೆ ಬರುತ್ತಿದ್ದವಳು. ಸತ್ತ ಲ್ಯಾಪ್‌ಟಾಪು ಹೊತ್ತು ನಾನು ಹೋದಾಗ ಮೇಜಿನ ಮೇಲೆ ಅವಳಣ್ಣನ ದೋಣಿಯ, ನೀರಡಿಯ ಮೀನು ತೋರಿಸುವ ಯಂತ್ರ ಬಿಚ್ಚಿಕೊಂಡು ಬಿದ್ದಿತ್ತು. ಬೆಳಗಾದರೆ ದೋಣಿ ತೆಂಗಿನಗುಂಡಿ ಬಂದರಿನಿಂದ ಹೊರಡಬೇಕು. ಯಂತ್ರ ಸತ್ತರೆ ದೋಣಿ ಕುರುಡು. ನನಗೋ, ತಿಳಿಯದ್ದನ್ನೆಲ್ಲ ಬೆರಳಿಟ್ಟು ವಿವರಿಸುವ ವೃತ್ತಿದೋಷ. "ಇದೆಂತ?" ಎಂದು ಕೈ ಚಾಚಿದೆ.

"ಮುಟ್ಬೇಡಿ ಮಾಸ್ತರೆ! ದೂರ ನಿಲ್ಲಿ!"

ಹೊಸ್ತಿಲಾಚೆ ನೆಗೆದೆ. ಆ ಮಾತನ್ನು ನಮ್ಮ ವಂಶದವರು ಕೇಳಿದ್ದೇ ಇಲ್ಲ. ಅದರ ಸಗಟು ವ್ಯಾಪಾರಿಗಳು ನಾವೇ. ಅಂಗಳದ ಮೂಲೆಯಲ್ಲಿಟ್ಟ ಎಲೆಗೆ ಮಾದೇವಿ ಸುಣ್ಣ ಸುರಿದು ಹಿಂದೆ ಸರಿಯಬೇಕು; ನಾವು ನೀರು ಚಿಮುಕಿಸಿ, ಸುಣ್ಣವನ್ನು ಶುದ್ಧೀಕರಿಸಿ, ಎಲೆಯಡಿಕೆಯ ಕವಳ ಹಾಕಿ ತೃಪ್ತಿಯಿಂದ ಉಗುಳುವವರು. ಅಷ್ಟು ಜಾಗ್ರತೆ ವಹಿಸಿದರೂ, ಅವಳು ಮುಟ್ಟಿದ್ದರಿಂದ ಕೆಟ್ಟ ಒಂದೇ ಒಂದು ವಸ್ತು ನನ್ನ ನೆನಪಿನಲ್ಲಿಲ್ಲ. ನಾನು ಮುಟ್ಟಿ ಕೆಡಿಸಿದ್ದು ಕಂಕುಳಲ್ಲೇ ಇತ್ತು.

"ಸಿಟ್ಟಾತಾ ಮಾಸ್ತರೆ? ಒಣಹವೆಲಿ ಮೈಯಲ್ಲೇ ಕರೆಂಟ್ ಕೂತಿರ್ತದೆ, ಮುಟ್ಟಿದ್ರೆ ಚಿಪ್ ಸಾಯ್ತದೆ. ಆ ಕಬ್ಬಿಣ ಮುಟ್ಟಿ, ಈ ಪಟ್ಟಿ ಕೈಗೆ ಕಟ್ಕಳ್ಳಿ. ಇದ್ರ ವಾಯರ್ ನೆಲಕ್ಕೆ ಹೋಗ್ತದೆ. ಆತು, ಇನ್ನು ಯಾರು ಮುಟ್ಟಿದ್ರೂ ಎಂತ ಆಗೂದಿಲ್ಲ."

ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಕೂತವನಿಗೆ ನಾಚಿಕೆಯಾಯಿತು. ಈ ಮಡಿಗೆ ಬಾಗಿಲಿದೆ: ನೆಲದ ಸಂಪರ್ಕವಿದ್ದವರೆಲ್ಲ ಒಳಗೆ ಬರಬಹುದು. ಮಾದೇವಿಯಂತೂ ಬರಿಗಾಲಲ್ಲಿ ನೆಲದ ಮೇಲೇ ನಿಂತಿರುತ್ತಿದ್ದಳು. ಜಗಲಿಯ ಮಣೆಯ ಮೇಲೆ ಕಾಲು ಮಡಚಿ ಕೂತು ನೆಲ ಸೋಕದವರು ನಾವು.

ಮರುದಿನ ದೋಣಿ ಹೊರಟಿತು. ಲ್ಯಾಪ್‌ಟಾಪು ಏಳಲಿಲ್ಲ.

ಮರೆತು ಮುಟ್ಟಿದರೆ ಕಪಾಟು ಈಗಲೂ ಚಟ್ಟೆನ್ನುತ್ತದೆ; ತಪಃಫಲವೆನ್ನುವ ಧೈರ್ಯ ಉಳಿದಿಲ್ಲ. ಚಪ್ಪಲಿ ಕಳಚಿ ಅಂಗಳಕ್ಕಿಳಿದು, ಮಾದೇವಿ ನಿಲ್ಲುತ್ತಿದ್ದ ಮೂಲೆಯಲ್ಲಿ ತುಸು ಹೊತ್ತು ನಿಂತು, ಆಮೇಲೆ ಬಂದು ಕಪಾಟು ಮುಟ್ಟುತ್ತೇನೆ.